ಟೈರ್ ಕಣ್ಮರೆ ಆಗೋಕೆ ಬಿಡಬೇಡಿ, ನಟ್ಟಿಗೆ ಗನ್ ಹಾಕಿಸಬೇಡಿ

ಸಕಲೇಶಪುರದ ಕಡೆ ಜಿಮ್ನಿ, ಥಾರ್ ತಗೊಂಡು ಹೋಗೋರು ಇದನ್ನ ಓದಿ. ನಮ್ಮ ಜಿಮ್ನಿಯ ಹಿಂದಿನ ಎಡಗಡೆ ಟೈರಿಗೆ ಚುಚ್ಚಿದ್ದು ಒಂದೇ ಮೊಳೆ. ಕಣ್ಣಿಗೆ ಕಾಣ್ತಿತ್ತು! ಟ್ಯೂಬ್‌ಲೆಸ್ ಟೈರು, ಗಾಡಿ ಸ್ವಲ್ಪ ಉರುಳಿಸಿ ಮೊಳೆ ಈಚೆ ಬರೋ ಹಾಗೆ ನಿಲ್ಲಿಸಿದ್ರೆ ಚಕ್ರ ಬಿಚ್ಚದೇನೇ ಸ್ಟ್ರಿಪ್ (ತೂತು ಮುಚ್ಚೋ ರಬ್ಬರ್ ಎಳೆ) ಹಾಕಬಹುದು. ಪಂಕ್ಚರ್ ಅಂಗಡಿಯವನು "ಬಿಚ್ಚಿದ್ರೇನೇ ಗೊತ್ತಾಗೋದು ಸಾರ್" ಅಂದ, ನಟ್ಟು ತಿರುಗಿಸೋ ಮೆಷಿನ್ ಗನ್ ಹಿಡಿದು ಬಿಚ್ಚಿದ, ಅಂಗಡಿ ಹಿಂದಕ್ಕೆ ಉರುಳಿಸ್ಕೊಂಡು ಹೋದ.

ವಾಪಸ್ ಬಂದಾಗ ಐದು ಪಂಕ್ಚರ್. ಐದು!

"ಕಾಡಲ್ಲಿ ಓಡ್ಸಿದೀರಲ್ಲ ಸಾರ್, ಮುಳ್ಳು."

ಮುಳ್ಳಂತೆ. ಸೋಪು ನೀರು ಸುರಿದು ಗುಳ್ಳೆ ಬೇರೆ ತೋರಿಸಿದ. ತೂತಿದ್ರೆ ಗುಳ್ಳೆ ಬರದೆ ಇನ್ನೇನು? ರಸ್ತೆಯಲ್ಲಿ ಆದ ತೂತಿನ ಬಾಯಲ್ಲಿ ಮಣ್ಣು ಮೆತ್ತಿರುತ್ತೆ, ಮೊಳೆನೋ ತಂತಿನೋ ಒಳಗೆ ಸಿಕ್ಕಿರುತ್ತೆ. ಮೊಳೆಯದ್ದು ಬಿಟ್ಟು ಉಳಿದ ನಾಲ್ಕರ ಬಾಯಲ್ಲೂ ರಬ್ಬರು ಹೊಸದಾಗಿ ಕಪ್ಪಗೆ ಹೊಳೀತಿತ್ತು, ನಾಲ್ಕೂ ಒಂದೇ ದಪ್ಪ. ದಬ್ಬಳದಲ್ಲಿ ಚುಚ್ಚಿದ್ದು. ಕೇಳಿದ್ರೆ, "ಬೇಡ ಅಂದ್ರೆ ಹಾಗೇ ತಗೊಂಡೋಗಿ ಸಾರ್, ಬಲವಂತ ಇಲ್ಲ." ನಕ್ಕೊಂಡು ಹೇಳ್ತಾನೆ! ಸ್ಟೆಪ್ನಿ ಹಾಕ್ಕೊಂಡು ಹೊರಟ್ರೂ ಐದು ತೂತಿನ ಟೈರು ನಮ್ಮ ಕೈಯಲ್ಲೇ ತಾನೆ ಇರೋದು. ನಾಲ್ಕು ಜನ ನೋಡ್ತಿದ್ರು, ದುಡ್ಡು ಕೊಟ್ಟಾಯ್ತು.

ಟೋಪಿ ಅಲ್ಲಿಗೇ ಮುಗೀಲಿಲ್ಲ. ಮನೆಗೆ ಬಂದು ಪಾನ ಹಾಕಿದ್ರೆ ಒಂದು ನಟ್ಟು ಜಪ್ಪಯ್ಯ ಅನ್ನಲ್ಲ. ಒತ್ತಿದ್ರೆ ನಟ್ಟು ಕೂರೋ ಬೋಲ್ಟು, ಸ್ಟಡ್ಡೇ ಮುರಿದು ಬಂತು. ಜಿಮ್ನಿ ನಟ್ಟಿಗೆ ಬೇಕಾಗಿರೋದು 100 ನ್ಯೂಟನ್ ಮೀಟರ್, ಅಂದ್ರೆ 40 ಸೆಂಟಿಮೀಟರ್ ಉದ್ದದ ಪಾನದ ತುದಿಗೆ ಸುಮಾರು 25 ಕೆಜಿ ಒತ್ತು. ಗನ್ನು ಅದರ ಮೂರು ಪಟ್ಟು ಆರಾಮಾಗಿ ತಿರುಗಿಸಿಬಿಡುತ್ತೆ. ಮರೆ (ನಟ್ಟು-ಬೋಲ್ಟಿನ ಥ್ರೆಡ್) ಓರೆಯಾಗಿ ಹಿಡಿದಿದ್ರೂ ಗನ್ನಿಗೆ ಗೊತ್ತಾಗಲ್ಲ, ಕೈಗೆ ತಕ್ಷಣ ಗೊತ್ತಾಗುತ್ತೆ. ಫೋನ್ ಮಾಡಿದ್ರೆ ಏನಂದ ಗೊತ್ತಾ? "ಟೈಟ್ ಮಾಡಿದ್ದೂ ತಪ್ಪಾ ಸಾರ್? ನಿಮ್ಮ ಗಾಡಿ ಬೋಲ್ಟೇ ವೀಕು." ಆಮೇಲೆ ಫೋನೇ ಎತ್ತಲಿಲ್ಲ.

ನೀವೇ ಬಿಚ್ಚಿ. ಜಿಮ್ನಿಗೆ 19ರ ಪಾನ ಸಾಕು. ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್, ಗೇರು, ಎದುರು ಮೂಲೆಯ ಚಕ್ರಕ್ಕೆ ಕಲ್ಲು. ಟ್ರಾನ್ಸ್‌ಫರ್ ಲಿವರ್ (ಫೋರ್ ವೀಲ್ ಡ್ರೈವ್ ಹಾಕೋ ಲಿವರ್) ನ್ಯೂಟ್ರಲ್‌ನಲ್ಲಿ ನಿಂತಿದ್ರೆ ಗೇರ್ ಹಾಕಿಯೂ ಉಪಯೋಗ ಇಲ್ಲ, ನೋಡ್ಕೊಳ್ಳಿ. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನ ಅರ್ಧ ಸುತ್ತು ಸಡಿಲ ಮಾಡಿ. ಜಿಮ್ನಿಯಲ್ಲಿ ಜಾಕಿ ಆಕ್ಸಲ್ (ಎಡ-ಬಲ ಚಕ್ರ ಜೋಡಿಸೋ ದಂಡ) ಕೆಳಗೆ, ಚಾಸಿಗೆ ಕೊಡಬೇಡಿ: ಗಾಡಿ ಮೇಲೇಳುತ್ತೆ, ಸ್ಪ್ರಿಂಗ್ ಇಳಿದು ಚಕ್ರ ನೆಲದಲ್ಲೇ ಕೂತಿರುತ್ತೆ. ಮಣ್ಣು ಮೆತ್ತಗಿದ್ರೆ ಜಾಕಿ ಅಡಿಗೆ ಹಲಗೆ. ರಿಮ್ಮು ಹಬ್ಬಿಗೆ ತುಕ್ಕು ಹಿಡಿದು ಕಚ್ಕೊಂಡಿದ್ರೆ ಟೈರಿನ ಪಕ್ಕಕ್ಕೆ ಕಾಲಲ್ಲಿ ಒದೀರಿ, ರಿಮ್ಮಿಗೆ ಸುತ್ತಿಗೆ ಬೇಡ.

ವಾಪಸ್ ಹಾಕುವಾಗ ನಟ್ಟಿನ ಓರೆ ಬದಿ (ಸಣ್ಣಗಾಗ್ತಾ ಹೋಗೋ ಬದಿ) ಒಳಗೆ, ಮೊದಲ ಸುತ್ತುಗಳು ಬರೀ ಬೆರಳಲ್ಲಿ, ಆಮೇಲೆ ಒಂದು ಬಿಟ್ಟು ಒಂದು. ಮರೆಗೆ ಗ್ರೀಸ್ ಬಳೀಬೇಡಿ, ಲೆಕ್ಕಕ್ಕಿಂತ ಹೆಚ್ಚು ಬಿಗಿಯಾಗುತ್ತೆ. ಕೊನೆಯ ಬಿಗಿ ಜಾಕಿ ಇಳಿಸಿದ ಮೇಲೆ. ನೂರು ಕಿಲೋಮೀಟರ್ ಒಳಗೆ ಇನ್ನೊಮ್ಮೆ ಪಾನ ಹಾಕಿ ನೋಡಿ.

ಅಂಗಡಿಗೆ ಹೋಗಲೇಬೇಕಾದ್ರೆ ಟೈರ್ ಜೊತೆ ನೀವೂ ಹಿಂದಕ್ಕೆ ನಡೀರಿ. "ಇಲ್ಲೇ ಕೂತ್ಕೊಳ್ಳಿ ಸಾರ್, ಟೀ ಕುಡೀರಿ" ಅಂದ್ರೆ ಅಲ್ಲಿಂದಲೇ ಚಕ್ರ ಎತ್ತಿಕೊಂಡು ಹೊರಡಿ.