ಐದು ಲಕ್ಷದ ಪಾಲಿಸಿ, ಎಂಟು ಸಾವಿರದ ರೂಮು

ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯ ವಿಮೆಯಲ್ಲಿ ನಾನೀಗ ಬ್ಯಾಂಕಿನ ನಿವೃತ್ತರ ಗುಂಪು ಪಾಲಿಸಿ, ಅದರ ಮಿತಿ ದಾಟಿದ ಬಿಲ್ಲಿಗೆ ಅದರ ಮೇಲೊಂದು ಸೂಪರ್ ಟಾಪ್‌ಅಪ್, ಈ ಜೋಡಿಯ ಪರ. ಸೀನಿಯರ್ ಸಿಟಿಜನ್‌ಗಳಿಗೆಂದೇ ಮಾರುವ ಪಾಲಿಸಿಗೆ ಮೂರು ವರ್ಷ ದುಡ್ಡು ಕಟ್ಟಿ, ಒಂದೇ ಒಂದು ಸಲ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಹೀಗಾಗಿದ್ದೇನೆ. ತಕ್ಕಡಿ ಸರಿಯಾಗಿ ಹಿಡಿಯುವ ಸಹನೆ ಈಗ ನನ್ನಲ್ಲಿಲ್ಲ.

2021ರಲ್ಲಿ ಬ್ಯಾಂಕಿನ ಕ್ಯಾಶ್ ಕೌಂಟರ್‌ನಿಂದ ನಿವೃತ್ತಳಾದೆ. ಗುಂಪು ಪಾಲಿಸಿಗೆ ನನ್ನ ಹೆಸರು ಮಾತ್ರ ಕೊಟ್ಟೆ. ಯಜಮಾನರನ್ನೂ ಸೇರಿಸಿದರೆ ಪ್ರೀಮಿಯಂ ಜಾಸ್ತಿ ಆಗುತ್ತಿತ್ತು. ಅವರಿಗೆ ಆಗ 63. ಮೈಸೂರಿನಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸಿದವರು, ಬೇರೆ ಯಾವ ಸೌಲಭ್ಯವೂ ಇಲ್ಲ. ಪರಿಚಯದ ಏಜೆಂಟ್ ಹುಡುಗನೊಬ್ಬ ಮನೆಗೆ ಬಂದ. ಕಾಫಿ ಕುಡಿಯುತ್ತಾ, "ಮೇಡಂ, ನಿಮ್ಮ ಬ್ಯಾಂಕಿಂದು ಬರೀ ಮೂರು ಲಕ್ಷ. ಇದು ಐದು ಲಕ್ಷ. ಮೆಡಿಕಲ್ ಟೆಸ್ಟೂ ಬೇಡ" ಎಂದ. ವರ್ಷಕ್ಕೆ 24,000 ರೂಪಾಯಿ. ಜೀವನವಿಡೀ ನೋಟು ಎಣಿಸಿದವಳು, ಮೂರಕ್ಕಿಂತ ಐದು ದೊಡ್ಡದು ಎಂದು ಗೊತ್ತಿತ್ತು. ಸಹಿ ಹಾಕಿಸಿದೆ.

2024ರ ಫೆಬ್ರವರಿಯಲ್ಲಿ ಅವರಿಗೆ ಪಿತ್ತಕೋಶದ ಕಲ್ಲು. ಆಪರೇಷನ್ ಮಾಡಲೇಬೇಕು ಅಂದರು. ಇಂಥ ಆಪರೇಷನ್‌ಗೆ ಪಾಲಿಸಿ ದುಡ್ಡು ಕೊಡದ ಮೊದಲ ಎರಡು ವರ್ಷದ ಕಾಯುವ ಅವಧಿ ಮುಗಿದಿತ್ತು, ಹಾಗಾಗಿ ಧೈರ್ಯವಾಗಿಯೇ ಹೋದೆವು. ಅಡ್ಮಿಷನ್ ಕೌಂಟರ್‌ನಲ್ಲಿ ಯಾವ ರೂಮು ಎಂದು ಕೇಳಿದರು. ಇಬ್ಬರು ಹಂಚಿಕೊಳ್ಳುವ ರೂಮಿಗೆ ದಿನಕ್ಕೆ 5,000. ಒಬ್ಬರೇ ಇರುವ ರೂಮಿಗೆ 8,000. ನಮ್ಮ ಯಜಮಾನರಿಗೆ ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬರಿದ್ದರೆ ನಿದ್ದೆ ಬರುವುದಿಲ್ಲ. ಟಿವಿ ಸದ್ದು ಆಗುವುದಿಲ್ಲ. ಇನ್ನೊಬ್ಬರ ನೆಂಟರು ಬಂದು ಕೂತರಂತೂ ಮುಗಿದೇ ಹೋಯಿತು. ಪಾಲಿಸಿಯಲ್ಲಿ ರೂಮಿನ ಬಾಡಿಗೆ ವಿಮೆ ಮೊತ್ತದ 1%, ಅಂದರೆ ದಿನಕ್ಕೆ 5,000 ಎಂದು ನನಗೆ ಗೊತ್ತಿತ್ತು. ಉಳಿದ 3,000 ನಾವು ಕೊಟ್ಟರಾಯಿತು, ನಾಲ್ಕು ದಿನಕ್ಕೆ 12,000 ತಾನೇ ಎಂದು ಲೆಕ್ಕ ಹಾಕಿದೆ.

ಆ ಲೆಕ್ಕ ತಪ್ಪು. ಎಷ್ಟು ತಪ್ಪು ಎಂದು ಡಿಸ್ಚಾರ್ಜ್ ದಿನ ಗೊತ್ತಾಯಿತು.

ಬಿಲ್ ಒಟ್ಟು 2,06,000. ಅದರಲ್ಲಿ ರೂಮು 32,000. ಸರ್ಜನ್, ಅರಿವಳಿಕೆ ಡಾಕ್ಟರು, ಆಪರೇಷನ್ ಥಿಯೇಟರ್, ನರ್ಸಿಂಗ್, ಡಾಕ್ಟರುಗಳ ವಿಸಿಟ್ ಎಲ್ಲ ಸೇರಿ 1,20,000. ಔಷಧಿ, ರಕ್ತಪರೀಕ್ಷೆ, ಸ್ಕ್ಯಾನಿಂಗ್ 48,000. ಗ್ಲೌಸು, ಮಾಸ್ಕು, ಫೈಲ್ ಚಾರ್ಜು ಅಂತ 6,000, ಅದನ್ನು ನಮ್ಮ ಪಾಲಿಸಿ ಕೊಡುವುದಿಲ್ಲ. ವಿಮೆ ಕಂಪನಿ ಕೊಟ್ಟಿದ್ದು 1,14,400. ಉಳಿದ 91,600 ನಮ್ಮ ತಲೆಗೆ.

ಇನ್ಶೂರೆನ್ಸ್ ಡೆಸ್ಕಿನಲ್ಲಿದ್ದ ಹುಡುಗಿ ಪಾಪ ಎರಡು ಸಲ ಬಿಡಿಸಿ ಹೇಳಿದಳು. ನಮಗೆ 5,000ದ ರೂಮಿಗೆ ಅರ್ಹತೆ. ನಾವು ತೆಗೆದುಕೊಂಡಿದ್ದು 8,000ದ್ದು. ಎಂಟರಲ್ಲಿ ಐದು ಭಾಗ. ಆ ಐದು ಭಾಗದ ಲೆಕ್ಕ ರೂಮಿಗೆ ಮಾತ್ರ ಅಲ್ಲ, ಸರ್ಜನ್ ಫೀಸಿಗೂ ಹತ್ತುತ್ತದೆ. ಥಿಯೇಟರಿಗೂ, ನರ್ಸಿಂಗಿಗೂ ಹತ್ತುತ್ತದೆ. ಹಾಗಾಗಿ 1,20,000 ಇದ್ದದ್ದು 75,000 ಆಯಿತು. ರೂಮಿನದು 20,000. ಔಷಧಿ, ಪರೀಕ್ಷೆಗಳಿಗೆ ಈ ಕತ್ತರಿ ಹಾಕಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವೇ ಹೇಳಿದೆ, ಅದೊಂದು ಉಳಿಯಿತು. ಕೂಡಿಸಿದರೆ 1,43,000. ಅಲ್ಲಿಗೂ ಮುಗಿಯಲಿಲ್ಲ. ಅದರ ಮೇಲೆ 20% ಕೋ-ಪೇ, ಅಂದರೆ ಪ್ರತಿ ಕ್ಲೇಮಿನಲ್ಲೂ ನಮ್ಮ ಪಾಲು. 28,600 ಹೋಯಿತು.

ಏಜೆಂಟ್ ಹುಡುಗನಿಗೆ ಫೋನ್ ಮಾಡಿದೆ. "ಪಾಲಿಸಿ ಪುಸ್ತಕದಲ್ಲಿ ಇದೆ ಮೇಡಂ" ಎಂದ. ಹೌದು, ಇತ್ತು. ಸಣ್ಣ ಅಕ್ಷರದಲ್ಲಿ ಒಂದು ಸಾಲು. ಯಾವ ರೂಮಾದರೂ ಡಾಕ್ಟರು ಅವರೇ, ಹೊಟ್ಟೆಗೆ ಮಾಡುವ ತೂತೂ ಅಷ್ಟೇ. ಮಲಗಿದ ರೂಮಿಗೂ ಸರ್ಜನ್ ಫೀಸಿಗೂ ಏನು ಸಂಬಂಧ ಅಂತ ನನಗೆ ಇವತ್ತಿಗೂ ಒಳಗೊಳಗೇ ಕುದಿಯುತ್ತದೆ. ರೂಮಿನ ದರ್ಜೆ ಏರಿದರೆ ಆಸ್ಪತ್ರೆಗಳು ಉಳಿದ ದರಗಳನ್ನೂ ಏರಿಸುತ್ತವೆ, ಅದಕ್ಕೇ ಕಂಪನಿಗಳು ಹೀಗೆ ಮಾಡುತ್ತವೆ ಎಂದು ಆಮೇಲೆ ತಿಳಿಯಿತು. ಇರಬಹುದು. ಆದರೆ ಯಜಮಾನರು ಮಾತ್ರ ತಿಂಗಳುಗಟ್ಟಲೆ, "ನಾನು ನಿದ್ದೆ ಮಾಡಿದ್ದಕ್ಕೆ ದಂಡ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಅದೇ ವರ್ಷ ಜೂನ್‌ನಲ್ಲಿ ನನ್ನ ಮಂಡಿ ಆಪರೇಷನ್. ಅದು ಬ್ಯಾಂಕಿನ ಗುಂಪು ಪಾಲಿಸಿಯಲ್ಲಿ. ಬಿಲ್ 2,70,000. ಇಲ್ಲೂ ರೂಮಿಗೆ 5,000ದ ಮಿತಿ ಇತ್ತು. ನಾನಿದ್ದ ರೂಮು 6,000. ಮತ್ತೆ ಅದೇ ಕಥೆ ಅಂದುಕೊಂಡು ಚೆಕ್‌ಬುಕ್ ಹಿಡಿದೇ ಕೂತಿದ್ದೆ. ಆದರೆ ನಮ್ಮ ಈ ಪಾಲಿಸಿಯಲ್ಲಿ ಹೆಚ್ಚಾದ ಬಾಡಿಗೆಯನ್ನಷ್ಟೇ ಕಳೆಯುತ್ತಾರೆ. ಐದು ದಿನಕ್ಕೆ 5,000, ಗ್ಲೌಸು ಪಟ್ಟಿ 7,500, ಒಟ್ಟು 12,500 ಕೊಟ್ಟು ಮನೆಗೆ ಬಂದೆ. ಕೋ-ಪೇ ಇಲ್ಲ. ಬಿಪಿ, ಶುಗರ್ ಇದ್ದವರಿಗೆ ಮೊದಲ ದಿನದಿಂದಲೇ ರಕ್ಷಣೆ. ನಾಲ್ಕು ತಿಂಗಳ ಅಂತರದಲ್ಲಿ ಒಂದೇ ಮನೆಯ ಎರಡು ಆಪರೇಷನ್, ಒಂದಕ್ಕೆ 91,600, ಇನ್ನೊಂದಕ್ಕೆ 12,500. ಅಷ್ಟಾದ ಮೇಲೆ ಕರಪತ್ರ ಓದುವ ಅಗತ್ಯವೇ ಬೀಳಲಿಲ್ಲ.

ಆ ನವೆಂಬರ್‌ನಲ್ಲಿ ಗುಂಪು ಪಾಲಿಸಿಯಿಂದ ಹೊರಗುಳಿದ ಗಂಡ ಹೆಂಡತಿಯರನ್ನು ಸೇರಿಸಲು ಬ್ಯಾಂಕು ಒಂದು ಸಲ ಅವಕಾಶ ಕೊಟ್ಟಿತು. ಓಡಿಹೋಗಿ ಯಜಮಾನರ ಹೆಸರು ಸೇರಿಸಿದೆ. ಅವರ ಹಳೆ ಪಾಲಿಸಿ ಅಷ್ಟರಲ್ಲಿ 31,000 ಆಗಿತ್ತು, ಅದನ್ನು ಬಿಟ್ಟೆ. ಗುಂಪು ಪಾಲಿಸಿ ಇಬ್ಬರಿಗೂ ಸೇರಿ 46,000.

ಇದರಲ್ಲಿ ಹುಳುಕಿಲ್ಲವೇ? ಇದೆ. ಮೂರು ಲಕ್ಷ ಇಬ್ಬರಿಗೂ ಸೇರಿ. ನನ್ನ ಮಂಡಿಯಾದ ಮೇಲೆ ಆ ವರ್ಷಕ್ಕೆ ಉಳಿದಿದ್ದು 42,500. ಇನ್ನೊಂದು ಮಂಡಿಗೆ ಸಾಲದು, ಸ್ಟೆಂಟಿನ ಮಾತೇ ಬೇಡ. ಅದಕ್ಕೇ 2025ರ ಜನವರಿಯಲ್ಲಿ ಸೂಪರ್ ಟಾಪ್‌ಅಪ್ ತೆಗೆದುಕೊಂಡೆ. ಮೊದಲ ಮೂರು ಲಕ್ಷ ಯಾರಾದರೂ ಕೊಡಲಿ, ಗುಂಪು ಪಾಲಿಸಿಯಾದರೂ ಸರಿ, ನಮ್ಮ ಜೇಬಾದರೂ ಸರಿ. ಅದರ ಮೇಲಿನ ಹತ್ತು ಲಕ್ಷ ಇದು ನೋಡಿಕೊಳ್ಳುತ್ತದೆ. ರೂಮಿಗೆ ಒಬ್ಬರೇ ಇರುವ ಎಸಿ ರೂಮು ಎಂದು ಬರೆದಿದೆ, ರೂಪಾಯಿ ಮಿತಿ ಇಲ್ಲ. ಆ ಸಾಲನ್ನು ಈ ಸಲ ಕನ್ನಡಕ ಹಾಕಿಕೊಂಡು ಮೂರು ಸಲ ಓದಿದೆ.

ಬರೀ ಟಾಪ್‌ಅಪ್ ಬೇರೆ, ಸೂಪರ್ ಟಾಪ್‌ಅಪ್ ಬೇರೆ. ಬರೀ ಟಾಪ್‌ಅಪ್‌ನಲ್ಲಿ ಪ್ರತಿ ಸಲದ ಬಿಲ್ಲೂ ಮೂರು ಲಕ್ಷ ದಾಟಬೇಕು. ಸೂಪರ್‌ನಲ್ಲಿ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸುತ್ತಾರೆ. ನಮ್ಮ ವಯಸ್ಸಿನಲ್ಲಿ ಒಂದು ದೊಡ್ಡ ಬಿಲ್ಲಿಗಿಂತ ಎರಡು ಮೂರು ಮಧ್ಯಮ ಬಿಲ್ಲುಗಳೇ ಬರುವುದು, ಅಲ್ವಾ?

ಮೊದಲ ವರ್ಷ ಜಿಎಸ್‌ಟಿ ಸೇರಿ 19,824 ಕಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ ಒಬ್ಬರಾಗಲಿ ಕುಟುಂಬವಾಗಲಿ ಸ್ವಂತವಾಗಿ ಮಾಡಿಸುವ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ರಿನ್ಯೂ ಮಾಡಿದಾಗ 16,800 ಆಯಿತು. ಗುಂಪು ಪಾಲಿಸಿಗೆ ಈ ಭಾಗ್ಯ ಇಲ್ಲ, 18% ಹಾಗೇ ಇದೆ. ನಿವೃತ್ತರ ಮೇಲೆ ಯಾಕೆ ಈ ಸಿಟ್ಟೋ.

ಸೂಪರ್ ಟಾಪ್‌ಅಪ್‌ನ ತೊಂದರೆ ಒಂದೇ. ಮೊದಲೇ ಇದ್ದ ಕಾಯಿಲೆಗೆ ನಮ್ಮದರಲ್ಲಿ 24 ತಿಂಗಳು ಕಾಯಬೇಕು. ಈಗಿನ ನಿಯಮದಲ್ಲಿ ಯಾವ ಕಂಪನಿಯೂ 36 ತಿಂಗಳಿಗಿಂತ ಹೆಚ್ಚು ಕಾಯಿಸುವಂತಿಲ್ಲ. ಬಿಪಿ, ಶುಗರ್ ಎರಡನ್ನೂ ಅರ್ಜಿಯಲ್ಲಿ ಬರೆದೇ ಕೊಟ್ಟಿದ್ದೇನೆ. ಮುಚ್ಚಿಟ್ಟು ಆಮೇಲೆ ಜಗಳ ಆಡುವ ತ್ರಾಣ ನನಗಿಲ್ಲ.

ಸೀನಿಯರ್ ಪಾಲಿಸಿಯ ಪರವಾಗಿ ಒಂದು ಮಾತು. ಅದು ನಮ್ಮ ಹೆಸರಿನದು, ಬ್ಯಾಂಕು ನಾಳೆ ಗುಂಪು ಪಾಲಿಸಿ ನಿಲ್ಲಿಸಿದರೂ ಇರುತ್ತದೆ. 2025ರ ಜನವರಿಯಿಂದ ಹಿರಿಯರ ಇಂಥ ಪಾಲಿಸಿಗಳ ಪ್ರೀಮಿಯಂ ವರ್ಷಕ್ಕೆ 10% ಮೀರಿ ಏರಿಸಬೇಕಾದರೆ ಪ್ರಾಧಿಕಾರವನ್ನು ಕೇಳಬೇಕು. ಯಾವ ಗುಂಪೂ ಇಲ್ಲದ, ಹಂಚಿಕೊಂಡ ರೂಮಿನಲ್ಲಿ ಆರಾಮಾಗಿ ಗೊರಕೆ ಹೊಡೆಯುವವರಿಗೆ ಅದು ಸಾಕಾಗಬಹುದು.

ಎಲ್ಲ ಕಂಪನಿಗಳಲ್ಲೂ ಒಂದೇ ನಿಯಮದಲ್ಲಿ ಸಿಗುವ ಆರೋಗ್ಯ ಸಂಜೀವನಿ ಪಾಲಿಸಿಯನ್ನೂ ನೋಡಿದೆ. ಕೋ-ಪೇ ಬರೀ 5%. ಆದರೆ ರೂಮಿಗೆ ಹೆಚ್ಚೆಂದರೆ ದಿನಕ್ಕೆ 5,000. ಅಲ್ಲಿಗೇ ಮುಚ್ಚಿಟ್ಟೆ.

70 ತುಂಬಿದವರಿಗೆ ಕೇಂದ್ರದ ಆಯುಷ್ಮಾನ್ ವಯ ವಂದನಾ ಕಾರ್ಡು ಇದೆ. 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆದಾಯ ಎಷ್ಟೇ ಇರಲಿ, ವರ್ಷಕ್ಕೆ ಐದು ಲಕ್ಷದವರೆಗೆ. ಯಜಮಾನರಿಗೆ ಇನ್ನೂ ಎರಡು ವರ್ಷ ಬಾಕಿ. ಆಗ ನೋಡಿದರಾಯಿತು.

ತೆರಿಗೆ ಉಳಿತಾಯದ ಬಗ್ಗೆ ಕೇಳುವವರಿಗೆ: ನಾನು ಹೊಸ ಪದ್ಧತಿಯಲ್ಲಿದ್ದೇನೆ, ಪ್ರೀಮಿಯಂ ಮೇಲಿನ ತೆರಿಗೆ ರಿಯಾಯಿತಿ ನನಗೆ ಲೆಕ್ಕಕ್ಕಿಲ್ಲ.

ಈಗ ಎರಡೂ ಸೇರಿ ವರ್ಷಕ್ಕೆ ಹತ್ತಿರ ಹತ್ತಿರ 63,000. ಪಿಂಚಣಿಯಲ್ಲಿ ಎರಡು ತಿಂಗಳದ್ದು ಪೂರ್ತಿ ಇದಕ್ಕೇ. ಗುಂಪು ಪಾಲಿಸಿಯ ದುಡ್ಡು ಅಕ್ಟೋಬರ್ ಕೊನೆಗೆ ಖಾತೆಯಿಂದ ಕಟ್ ಆಗುತ್ತದೆ. ಆ ದಿನ ಖಾತೆಯಲ್ಲಿ ಹಣ ಇಲ್ಲದಿದ್ದರೆ ಹೊರಗೆ, ಮತ್ತೆ ಸೇರಿಸುವ ಖಾತರಿ ಇಲ್ಲ. ಅದಕ್ಕೇ ಆಯುಧಪೂಜೆ ದಿನ ಸ್ಕೂಟರಿಗೆ ಹೂವು ಇಡುವ ಮುಂಚೆ ಪಾಸ್‌ಬುಕ್ ತೆಗೆದು ನೋಡುತ್ತೇನೆ. ಯಜಮಾನರು ಅದಕ್ಕೂ ಒಂದು ಚಿಟಿಕೆ ಕುಂಕುಮ ಹಚ್ಚುತ್ತಾರೆ.