ಗೆರೆಯಿಲ್ಲದ ಕಡ್ಡಿಗಳು: ಎರಡನೇ ತರಗತಿಯಲ್ಲಿ ಕ್ವಿಸನೇರ್ ಸೆಟ್

ಕ್ವಿಸನೇರ್ ಕಡ್ಡಿಗಳನ್ನು ತರಿಸಬಹುದಾ ಅಂತ ಕೇಳುವ ಶಿಕ್ಷಕರಿಗೂ ಅಪ್ಪ ಅಮ್ಮಂದಿರಿಗೂ ಉತ್ತರ ಮೊದಲೇ ಹೇಳಿಬಿಡುತ್ತೇನೆ. ತರಿಸಿ. ಮರದ್ದನ್ನೇ ತರಿಸಿ. ಆದರೆ ಮಕ್ಕಳ ಕೈಗೆ ಕೊಡುವ ಮೊದಲು ಸ್ಕೇಲ್ ಹಿಡಿದು ಅಳತೆ ನೋಡಿ. ನಾನು ಎರಡನೇ ತರಗತಿಗೆ ಪಾಠ ಮಾಡುವವಳು. ಗಣಿತದ ಪೀರಿಯಡ್ಡಿನಲ್ಲಿ ನಮ್ಮ ಮಕ್ಕಳು ಏನು ಮಾಡುತ್ತಾರೆ, ಹೇಗೆ ಯೋಚಿಸುತ್ತಾರೆ ಅನ್ನುವುದನ್ನು ಈ ಡಬ್ಬಿಯಷ್ಟು ಸ್ಪಷ್ಟವಾಗಿ ನನಗೆ ತೋರಿಸಿಕೊಟ್ಟ ಸಾಮಾನು ಇನ್ನೊಂದಿಲ್ಲ.

ಡಬ್ಬಿಯಲ್ಲಿರುವುದು ತುಂಬ ಸರಳ. ಒಂದು ಸೆಂಟಿಮೀಟರ್ ದಪ್ಪದ ಚೌಕ ಕಡ್ಡಿಗಳು, ಒಂದರಿಂದ ಹತ್ತು ಸೆಂಟಿಮೀಟರ್‌ವರೆಗೆ ಹತ್ತು ಉದ್ದ, ಒಂದೊಂದು ಉದ್ದಕ್ಕೂ ಒಂದೊಂದು ಬಣ್ಣ. ಬಿಳಿ 1, ಕೆಂಪು 2, ತಿಳಿಹಸಿರು 3, ನೇರಳೆ 4, ಹಳದಿ 5, ಕಡುಹಸಿರು 6, ಕಪ್ಪು 7, ಕಂದು 8, ನೀಲಿ 9, ಕಿತ್ತಳೆ 10. ಬಣ್ಣಗಳನ್ನು ಮನಸ್ಸಿಗೆ ಬಂದಂತೆ ಹಚ್ಚಿಲ್ಲ. ಎರಡು, ನಾಲ್ಕು, ಎಂಟು ಕೆಂಪಿನ ಬಳಗ. ಮೂರು, ಆರು, ಒಂಬತ್ತು ಹಸಿರು ನೀಲಿಯ ಬಳಗ. ಐದೂ ಹತ್ತೂ ಹಳದಿ ಕಿತ್ತಳೆಯ ಜೋಡಿ. ಏಳು ಮಾತ್ರ ಯಾರ ಜೊತೆಗೂ ಸೇರದೆ ಕಪ್ಪಾಗಿ ಒಂಟಿ. ಇದನ್ನು ರೂಪಿಸಿದವರು ಬೆಲ್ಜಿಯಂನ ಶಾಲಾ ಶಿಕ್ಷಕ ಜಾರ್ಜ್ ಕ್ವಿಸನೇರ್. ಅವರು ಪಿಟೀಲು ನುಡಿಸುತ್ತಿದ್ದರಂತೆ. ತಮ್ಮ ತರಗತಿಯಲ್ಲಿ ಬಳಸಿ ನೋಡಿದ್ದನ್ನು 1952ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮರುವರ್ಷ ಅದನ್ನು ಕಣ್ಣಾರೆ ಕಂಡ ಕೇಲಬ್ ಗಟ್ಟೇನೊ ಎಂಬ ಗಣಿತ ಶಿಕ್ಷಕ ದೇಶದೇಶಗಳಿಗೆ ಒಯ್ದರು.

ಈ ಕಡ್ಡಿಯ ದೊಡ್ಡ ಗುಣ ಅಂದರೆ ಅದರ ಮೇಲೆ ಗೆರೆಗಳಿಲ್ಲ, ಅಂಕಿಯೂ ಇಲ್ಲ. ಮಾಂಟೆಸ್ಸರಿಯ ಸಂಖ್ಯಾ ಕೋಲುಗಳು ಹತ್ತು ಸೆಂಟಿಮೀಟರಿನಿಂದ ಒಂದು ಮೀಟರ್‌ವರೆಗೆ ಇರುತ್ತವೆ, ಹತ್ತತ್ತು ಸೆಂಟಿಮೀಟರಿಗೆ ಕೆಂಪು ನೀಲಿ ಬದಲಾಗುತ್ತದೆ. ದಶಕ ಕಲಿಸುವ ಬ್ಲಾಕುಗಳಲ್ಲೂ ಹತ್ತು ಮನೆ ಕೊರೆದಿರುತ್ತಾರೆ. ಎಣಿಕೆ ಕಲಿಯುವ ಮಗುವಿಗೆ ಅವು ಸರಿ. ಆದರೆ ಎಣಿಕೆ ಬಂದಮೇಲೂ ಎಣಿಸುವುದನ್ನೇ ಬಿಡದ ಮಗುವಿಗೆ ಗೆರೆ ಕಂಡರೆ ಸಾಕು, ಬೆರಳಿಟ್ಟು ಒಂದು, ಎರಡು, ಮೂರು ಅಂತ ಶುರು. ಎರಡನೇ ತರಗತಿಯ ಮುಖ್ಯ ಕೆಲಸವೇ ಆ ಬೆರಳನ್ನು ಮೆಲ್ಲಗೆ ಬಿಡಿಸುವುದು. ಗೆರೆಯಿಲ್ಲದ ಕಡ್ಡಿಯಲ್ಲಿ ಎಣಿಸಲಿಕ್ಕೆ ಏನೂ ಸಿಗುವುದಿಲ್ಲ. ಪಕ್ಕದಲ್ಲಿ ಇಟ್ಟು ಹೋಲಿಸಲೇಬೇಕು.

ಎಂಟಕ್ಕೆ ಐದು ಕೂಡಿಸುವುದನ್ನೇ ನೋಡಿ. ನಮ್ಮ ತರಗತಿಯ ಒಬ್ಬ ಹುಡುಗ ಎಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಬೆರಳು ಮಡಚುತ್ತ ಮುಂದಕ್ಕೆ ಎಣಿಸುತ್ತಿದ್ದ. ಎಂಟನ್ನೂ ಒಂದು ಬೆರಳಿಗೆ ಸೇರಿಸಿಬಿಟ್ಟು ಹನ್ನೆರಡು ಅನ್ನುತ್ತಿದ್ದ. ಕಂದು ಕಡ್ಡಿ, ಅದಕ್ಕೆ ತಾಗಿಸಿ ಹಳದಿ, ಅವುಗಳ ಕೆಳಗೆ ಒಂದು ಕಿತ್ತಳೆ ಇಡಲು ಹೇಳಿದೆ. ಸುಮ್ಮನೆ ನೋಡಿದ. ಹಳದಿಯ ಸ್ವಲ್ಪ ಭಾಗ ಕಿತ್ತಳೆಯ ಮೇಲಿತ್ತು, ಉಳಿದದ್ದು ಆಚೆಗೆ ಚಾಚಿಕೊಂಡಿತ್ತು. ಒಂದು ಕೆಂಪು ತೆಗೆದು ಹಳದಿಯ ಮೊದಲ ತುದಿಗೆ ಹಿಡಿದ, ಆಮೇಲೆ ಆಚೆ ಚಾಚಿದ ಭಾಗದ ಕೆಳಗೆ ತಿಳಿಹಸಿರನ್ನು ತಳ್ಳಿದ. "ಟೀಚರ್, ಐದು ಒಡೀತು" ಅಂದ. ಐದು ಎರಡಾಗಿ, ಮೂರಾಗಿ ಒಡೆದು, ಎರಡು ಹೋಗಿ ಎಂಟನ್ನು ಹತ್ತು ಮಾಡಿತು, ಮೂರು ಉಳಿಯಿತು, ಹದಿಮೂರು. ಹತ್ತು ಮಾಡಿಕೊಂಡು ದಾಟು ಅಂತ ಕಪ್ಪು ಹಲಗೆಯ ಮೇಲೆ ಎಷ್ಟು ಬರೆದು ಹೇಳಿದರೂ ದಕ್ಕದ ಮಾತು ಅದು.

ಹೊಸದಾಗಿ ತರಿಸಿದವರಿಗೆ ಒಂದು ಮಾತು. ಮೊದಲ ಕೆಲವು ಪೀರಿಯಡ್ ಪಾಠ ಮಾಡಬೇಡಿ. ಮಕ್ಕಳು ಗೋಪುರ ಕಟ್ಟಲಿ, ಬೇಲಿ ಹಾಕಲಿ, ಮೆಟ್ಟಿಲು ಮಾಡಲಿ. ಬಿಳಿಯಿಂದ ಕಿತ್ತಳೆವರೆಗೆ ಮೆಟ್ಟಿಲು ಜೋಡಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ, ಯಾರೋ ಒಬ್ಬರು ಮಾಡೇ ಮಾಡುತ್ತಾರೆ, ಉಳಿದವರು ನೋಡಿ ಕಲಿಯುತ್ತಾರೆ. ಪ್ರತಿ ಮೆಟ್ಟಿಲಿಗೂ ಒಂದೇ ಬಿಳಿಯಷ್ಟು ಏರಿಕೆ ಎಂದು ಅವರೇ ಕಂಡುಕೊಂಡಾಗ ಸಂಖ್ಯೆಗಳ ಸಾಲು ಅವರ ಪಾಲಿಗೆ ಬಾಯಿಪಾಠದ ಪಟ್ಟಿಯಾಗಿ ಉಳಿಯುವುದಿಲ್ಲ. ಬೆನ್ನ ಹಿಂದೆ ಕೈಯಿಟ್ಟು ಮುಟ್ಟಿಯೇ ನೇರಳೆ ಹುಡುಕುವ ಆಟವನ್ನೂ ಆಡಿಸಿ. ಕೈಗೆ ಉದ್ದ ಗೊತ್ತಾದ ಮೇಲೆ ಉಳಿದದ್ದು ಬೇಗ ಸಾಗುತ್ತದೆ.

ನನ್ನನ್ನು ಪೂರ್ತಿ ಒಲಿಸಿಕೊಂಡ ಕಾರಣ ಮಾತ್ರ ಬೇರೆ. ಸಮಚಿಹ್ನೆ. ಈ ವಯಸ್ಸಿನ ಬಹಳಷ್ಟು ಮಕ್ಕಳಿಗೆ ಸಮಚಿಹ್ನೆ ಅಂದರೆ "ಇಲ್ಲಿ ಉತ್ತರ ಬರಿ" ಎಂಬ ಅಪ್ಪಣೆ. ಐದು ಕೂಡಿಸು ಮೂರು ಸಮ ಎಂದು ಬರೆದು, ಖಾಲಿ ಮನೆ ಬಿಟ್ಟು, ಮುಂದೆ ಕೂಡಿಸು ಎರಡು ಅಂತ ಬರೆಯಿರಿ. ಖಾಲಿ ಮನೆಯಲ್ಲಿ ಎಂಟು ಬರೆಯುವವರೇ ಹೆಚ್ಚು. ಎಂಟು ಸಮ ಐದು ಕೂಡಿಸು ಮೂರು ಅಂತ ತಿರುಗಿಸಿ ಬರೆದರೆ "ಟೀಚರ್, ಉಲ್ಟಾ ಬರೆದಿದೀರ" ಎಂದು ತಿದ್ದಲು ಬರುತ್ತಾರೆ. ಇದು ಸಣ್ಣ ವಿಷಯವಲ್ಲ. ಸಮ ಅನ್ನುವುದು ಎರಡು ಬದಿಯ ನಡುವಿನ ಸಂಬಂಧ ಎಂದು ಈಗ ತಿಳಿಯದಿದ್ದರೆ ಮುಂದೆ ಬೀಜಗಣಿತದಲ್ಲಿ ಮಗು ಕಷ್ಟಪಡುತ್ತದೆ.

ಕಡ್ಡಿಯಲ್ಲಿ ಹೀಗೆ ಮಾಡುತ್ತೇವೆ. ಮೇಲಿನ ಸಾಲಿನಲ್ಲಿ ಹಳದಿ, ತಿಳಿಹಸಿರು. ಕೆಳಗಿನ ಸಾಲಿನ ಬಲತುದಿಗೆ ಸರಿಯಾಗಿ ಒಂದು ಕೆಂಪು. ಎಡಗಡೆ ಖಾಲಿ. ಅಲ್ಲಿ ಯಾರು ಕೂತರೆ ಎರಡೂ ಸಾಲು ಸರಿಸಮ? ಎಂಟರ ಕಂದು ತಂದು ಇಡಲು ನೋಡಿದ ಹುಡುಗಿಗೆ ಜಾಗವೇ ಸಾಲಲಿಲ್ಲ. ಕಡುಹಸಿರು ತಂದಳು, ಕೂತಿತು. ಆಗ ಪಕ್ಕದವಳು, "ಹಂಗಾದ್ರೆ ಇಲ್ಲಿ ಉತ್ತರಾನೇ ಇಲ್ವಲ್ಲ, ಎರಡು ಕಡೇನೂ ಒಂದೇ ಅಷ್ಟೆ" ಅಂದಳು. ಅವತ್ತು ನಾನು ಅದನ್ನು ಹಾಗೇ ಹಲಗೆಯ ಮೇಲೆ ಬರೆದೆ. ಸಮಚಿಹ್ನೆಗೆ ಅದಕ್ಕಿಂತ ಒಳ್ಳೆಯ ವಿವರಣೆ ನನ್ನ ಹತ್ತಿರ ಇರಲಿಲ್ಲ.

ಕಳೆಯುವುದಕ್ಕೂ ಹೀಗೇ ಬೆಳಕು ಬೀಳುತ್ತದೆ. ತೆಗೆದುಹಾಕುವುದು ಮಾತ್ರ ಕಳೆಯುವುದು ಎಂದುಕೊಂಡ ಮಗುವಿಗೆ "ನಿನಗಿಂತ ಅವನ ಹತ್ತಿರ ಎಷ್ಟು ಹೆಚ್ಚು" ಅನ್ನುವ ಲೆಕ್ಕ ಅರ್ಥವಾಗುವುದಿಲ್ಲ, ಯಾರೂ ಏನನ್ನೂ ತೆಗೆಯಲಿಲ್ಲವಲ್ಲ. ಕಪ್ಪಿನ ಪಕ್ಕ ತಿಳಿಹಸಿರು ಇಟ್ಟು ಮಧ್ಯದ ಖಾಲಿ ತುಂಬಿಸಲು ಹೇಳಿ. ನೇರಳೆ ಕೂರುತ್ತದೆ, ನಾಲ್ಕು ಹೆಚ್ಚು.

ಇನ್ನು ರೈಲಿನ ಆಟ. ಒಂದು ಕಡ್ಡಿ ಕೊಟ್ಟು, ಅದರಷ್ಟೇ ಉದ್ದದ ರೈಲುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ನೋಡಿ ಎನ್ನುತ್ತೇನೆ. ಒಂದೊಂದು ಕಡ್ಡಿಯೂ ರೈಲಿನ ಒಂದು ಡಬ್ಬಿ, ಒಂಟಿ ಡಬ್ಬಿಯೂ ರೈಲೇ, ಡಬ್ಬಿಗಳ ಕ್ರಮ ಬದಲಾದರೆ ಬೇರೆ ರೈಲು. ತಿಳಿಹಸಿರಿಗೆ 4 ಬರುತ್ತದೆ, ನೇರಳೆಗೆ 8. ಮಕ್ಕಳು ಆಗಲೇ ಹಳದಿಗೆ ಎಷ್ಟಿರಬಹುದು ಅಂತ ಊಹಿಸತೊಡಗುತ್ತಾರೆ. 16. ಪ್ರತಿ ಸಲವೂ ಇಮ್ಮಡಿ. ಯಾಕೆ ಇಮ್ಮಡಿ ಅನ್ನುವುದನ್ನು ಒಬ್ಬಳು ನನಗೆ ತೋರಿಸಿದಳು. ಹಳೆಯ ರೈಲಿನ ಕೊನೆಗೆ ಒಂದು ಬಿಳಿ ಸೇರಿಸಬಹುದು, ಇಲ್ಲವೇ ಕೊನೆಯ ಡಬ್ಬಿಯನ್ನೇ ಒಂದು ಅಳತೆ ಉದ್ದದ್ದಕ್ಕೆ ಬದಲಿಸಬಹುದು, ಹಾಗಾಗಿ ಒಂದೊಂದು ರೈಲಿಗೂ ಎರಡೆರಡು ಮರಿ. ಏಳು ವರ್ಷದ ಮಗುವಿನ ಬಾಯಲ್ಲಿ ಅದು ಪೂರ್ತಿ ಪುರಾವೆ. ಸೆಟ್ಟಿನ ಒಂದು ಕೊರತೆಯೂ ಇಲ್ಲೇ ಎದ್ದು ಕಾಣುತ್ತದೆ. ಹಳದಿಯ 16 ರೈಲುಗಳನ್ನೂ ಒಟ್ಟಿಗೆ ಹರವಲು 28 ಬಿಳಿ ಬೇಕು. 74 ಕಡ್ಡಿಗಳ ಸೆಟ್ಟಿನಲ್ಲಿರುವುದು 22 ಬಿಳಿ. ಕೆಂಪು ಬೇಕಾಗುವುದು 12, ಇರುವುದೂ 12. ಅಂದರೆ ಕೊನೆಯ ರೈಲುಗಳ ಹೊತ್ತಿಗೆ ಮಕ್ಕಳು ಪಕ್ಕದ ಡೆಸ್ಕಿನಿಂದ ಬಿಳಿ ಸಾಲ ಕೇಳುತ್ತಾರೆ. ಬಿಳಿಯನ್ನು ಬಿಡಿಯಾಗಿ ಹೆಚ್ಚಿಗೆ ತರಿಸಿಟ್ಟುಕೊಳ್ಳುವುದು ವಾಸಿ.

ಒಂದೇ ಬಣ್ಣದ ಡಬ್ಬಿಗಳ ರೈಲು ಮಾಡಿ ಎಂದರೆ ಕಪ್ಪಿನ ಹತ್ತಿರ ಎಲ್ಲರೂ ನಿಲ್ಲುತ್ತಾರೆ. ಮೂರು ಕೆಂಪು ಇಟ್ಟರೆ ಒಂದು ಬಿಳಿಯಷ್ಟು ಕಡಿಮೆ, ಎರಡು ತಿಳಿಹಸಿರು ಇಟ್ಟರೂ ಅಷ್ಟೇ ಕಡಿಮೆ. ಬಿಳಿ ಬಿಟ್ಟು ಯಾವುದೂ ಒಗ್ಗುವುದಿಲ್ಲ. ನಮ್ಮ ಮಕ್ಕಳು ಏಳನ್ನೂ ಐದನ್ನೂ "ಹಟಮಾರಿ" ಅಂತ ಕರೆಯುತ್ತಾರೆ. ಅವಿಭಾಜ್ಯ ಸಂಖ್ಯೆ ಎಂಬ ಹೆಸರು ನಿಧಾನಕ್ಕೆ ಬರಲಿ. ಮೂರು ನೇರಳೆ ಜೋಡಿಸಿದ ಆಯತದ ಮೇಲೆ ನಾಲ್ಕು ತಿಳಿಹಸಿರು ಅಡ್ಡಕ್ಕೆ ಮುಚ್ಚಿದರೆ ಕರಾರುವಾಕ್ಕಾಗಿ ಕೂರುತ್ತವೆ, ಮೂರು ನಾಲ್ಕಲಿ, ನಾಲ್ಕು ಮೂರಲಿ ಎರಡೂ ಹನ್ನೆರಡು. ಅರ್ಧ ಕಾಲು ಕಲಿಸುವಾಗಲೂ ಚೆನ್ನ. ಕಂದನ್ನು ಒಂದು ಎಂದುಕೊಂಡರೆ ನೇರಳೆ ಅರ್ಧ, ಕೆಂಪು ಕಾಲು. ಕಿತ್ತಳೆಯನ್ನು ಒಂದು ಎಂದುಕೊಂಡರೆ ಹಳದಿ ಅರ್ಧ. ಅರ್ಧ ಯಾವ ಬಣ್ಣ ಅಂತ ಕೇಳಿದಾಗ ಮಗು "ಯಾವುದರ ಅರ್ಧ?" ಎಂದು ತಿರುಗಿ ಕೇಳಿದರೆ ಭಿನ್ನರಾಶಿಯ ಅರ್ಧ ಪಾಠ ಮುಗಿದಂತೆ.

ಈಗ ದೂರುಗಳು. ಮೊದಲನೆಯದು ಅಳತೆ, ಅದರಲ್ಲಿ ನಾನು ರಾಜಿಯಾಗುವುದಿಲ್ಲ. ಒಂದು ಕಂಪನಿಯಿಂದ ಬಂದ ಡಬ್ಬಿಯಲ್ಲಿ ಬಿಳಿ ಘನಗಳು ಅರ್ಧ ಮಿಲಿಮೀಟರ್ ಕಡಿಮೆ ಇದ್ದವು. ಒಂದನ್ನು ಕೈಯಲ್ಲಿ ಹಿಡಿದರೆ ಗೊತ್ತೇ ಆಗುವುದಿಲ್ಲ. ಹತ್ತು ಜೋಡಿಸಿದಾಗ ಕಿತ್ತಳೆಗಿಂತ ಅರ್ಧ ಸೆಂಟಿಮೀಟರ್ ಗಿಡ್ಡ. ಮಕ್ಕಳು ಹನ್ನೊಂದನೆಯದನ್ನು ತುರುಕಲು ನೋಡಿದರು, ಅದು ಹಿಡಿಸಲಿಲ್ಲ. "ಹತ್ತು ಬಿಳಿ ಸೇರಿದ್ರೆ ಕಿತ್ತಳೆ ಆಗಲ್ಲ ಟೀಚರ್" ಎಂದು ತೀರ್ಮಾನ ಕೊಟ್ಟರು. ಅವರ ಕಣ್ಣು ಸರಿಯಾಗಿಯೇ ಇತ್ತು, ಸುಳ್ಳು ಹೇಳುತ್ತಿದ್ದದ್ದು ಸಾಮಾನು. ಕಲಿಕೆಯ ಸಾಮಾನು ಮಾಡುವವರು ಇಷ್ಟು ಅಸಡ್ಡೆ ಮಾಡಬಾರದು. ಆ ಡಬ್ಬಿಯನ್ನು ಕಟ್ಟುವ ಆಟಕ್ಕೆ ಮಾತ್ರ ಇಟ್ಟಿದ್ದೇವೆ. ನೀವು ಡಬ್ಬಿ ಬಿಚ್ಚಿದ ಕೂಡಲೇ ಹತ್ತು ಬಿಳಿಯನ್ನು ಕಿತ್ತಳೆಯ ಪಕ್ಕ, ಐದು ಕೆಂಪನ್ನು ಇನ್ನೊಂದು ಪಕ್ಕ ಇಟ್ಟು ನೋಡಿ. ಸರಿಹೊಂದದಿದ್ದರೆ ವಾಪಸ್ ಕಳಿಸಿ.

ಎರಡನೆಯದು ಬಣ್ಣ. ಕೆಂಪು ಹಸಿರು ಸರಿಯಾಗಿ ಬೇರ್ಪಡಿಸಿ ಕಾಣದ ಮಕ್ಕಳು ಇರುತ್ತಾರೆ, ಹುಡುಗರಲ್ಲಿ ಹೆಚ್ಚು. ಕಡುಹಸಿರೂ ಕಂದೂ ಅವರಿಗೆ ಒಂದೇ ಥರ ಕಾಣಬಹುದು. ಬಣ್ಣದ ಹೆಸರು ಹೇಳಿ ಕಡ್ಡಿ ಕೇಳುವ ಆಟದಲ್ಲಿ ಒಂದು ಮಗು ಪದೇ ಪದೇ ತಡವರಿಸಿದರೆ ಗದರಬೇಡಿ, ಅಪ್ಪ ಅಮ್ಮನಿಗೆ ತಿಳಿಸಿ, ಕಣ್ಣು ತೋರಿಸಲು ಹೇಳಿ. ಉದ್ದದ ಆಧಾರ ಇರುವುದರಿಂದ ಆ ಮಗುವಿಗೂ ಕಡ್ಡಿ ಕೆಲಸಕ್ಕೆ ಬರುತ್ತದೆ, ಎರಡನ್ನು ಅಕ್ಕಪಕ್ಕ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಇನ್ನೊಂದು ಎಚ್ಚರಿಕೆ, ಬಿಳಿ ಘನ ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಚಿಕ್ಕದು. ಮನೆಯಲ್ಲಿ ಮೂರು ವರ್ಷದೊಳಗಿನ ತಂಗಿಯೋ ತಮ್ಮನೋ ಇದ್ದರೆ ಡಬ್ಬಿ ಎತ್ತರದಲ್ಲಿರಲಿ.

ಮರವೇ ಯಾಕೆ ಅಂದರೆ ಪ್ಲಾಸ್ಟಿಕ್ ಕಡ್ಡಿ ಡೆಸ್ಕಿನ ಮೇಲೆ ಜಾರುತ್ತದೆ, ಸಾಲು ನಿಲ್ಲುವುದಿಲ್ಲ. ತೊಳೆಯಲು ಪ್ಲಾಸ್ಟಿಕ್ಕೇ ಸುಲಭ, ಅದನ್ನು ಒಪ್ಪುತ್ತೇನೆ. ಮರದ್ದು ಸದ್ದು ಮಾಡುತ್ತದೆ, ಡೆಸ್ಕಿನ ಮೇಲೊಂದು ದಪ್ಪ ಬಟ್ಟೆ ಹಾಸಿದರೆ ಸಾಕು. ಎತ್ತಿಡುವ ಕೆಲಸವನ್ನೂ ಮಕ್ಕಳಿಗೇ ಬಿಡಿ. ಬಿಳಿ ಕಳೆದುಹೋಗಿದೆಯಾ ಅಂತ ನೋಡಲು ನಮ್ಮವರು ಎಣಿಸುವುದಿಲ್ಲ, ಎರಡು ಕಿತ್ತಳೆ ಒಂದು ಕೆಂಪು ಸಾಲಾಗಿಟ್ಟು ಅದರ ಪಕ್ಕ ಬಿಳಿಗಳನ್ನು ಹಚ್ಚುತ್ತಾರೆ. ತುದಿ ಸೇರಿದರೆ 22 ಇದೆ. ಸೇರದಿದ್ದರೆ ಎಲ್ಲರೂ ಬೆಂಚಿನ ಕೆಳಗೆ.

ನೋಟ್ಸ್ ಪುಸ್ತಕ ಖಾಲಿ ಇದೆ, ಇವತ್ತೇನು ಕಲಿಸಿದಿರಿ ಎಂದು ಪೋಷಕರು ಕೇಳುವುದು ಸಹಜ. ಅದಕ್ಕೆ ನಾವು ಒಂದು ಸೆಂಟಿಮೀಟರ್ ಚೌಕಳಿಯ ಪುಸ್ತಕ ಇಟ್ಟಿದ್ದೇವೆ. ಕಡ್ಡಿಯ ಅಳತೆಗೂ ಚೌಕಳಿಗೂ ಹೊಂದುವುದರಿಂದ ಮಗು ಜೋಡಿಸಿದ್ದನ್ನು ಅದೇ ಅಳತೆಯಲ್ಲಿ ಬಣ್ಣ ಹಚ್ಚಿ ಬರೆಯುತ್ತದೆ, ಅದರ ಪಕ್ಕದಲ್ಲಿ ಅಂಕಿ ಬರೆಯುತ್ತದೆ. ಮೊದಲು ಕೈ, ಆಮೇಲೆ ಚಿತ್ರ, ಆಮೇಲೆ ಚಿಹ್ನೆ. ಜೆರೋಮ್ ಬ್ರೂನರ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಹೇಳಿದ ಮೂರು ಬಗೆಯ ತಿಳಿವಳಿಕೆ ಇದೇ. ಕೊನೆಗೆ ಕಡ್ಡಿ ಬಿಡಬೇಕು ಅನ್ನುವುದನ್ನೂ ಮರೆಯಬಾರದು. ನಾನು ಡಬ್ಬಿ ಮುಚ್ಚಿ, ಕಣ್ಣೂ ಮುಚ್ಚಿಸಿ, ಏಳು ಹತ್ತಾಗಲು ಏನು ಬೇಕು ಎಂದು ಕೇಳುತ್ತೇನೆ. ಬೆರಳು ಮಡಚುತ್ತಿದ್ದ ಅದೇ ಹುಡುಗ "ತಿಳಿಹಸಿರು" ಅಂದ, ಒಂದು ಕ್ಷಣ ಬಿಟ್ಟು "ಮೂರು" ಅಂದ. ಬೆರಳು ಅಲ್ಲಾಡಲಿಲ್ಲ.

ಎಲ್ಲದಕ್ಕೂ ಇದೇ ಸಾಕಾಗುವುದಿಲ್ಲ. ನೂರು ದಾಟಿದ ಸಂಖ್ಯೆಗಳಿಗೆ, ದಶಕ ಸಾಲ ತೆಗೆಯುವ ಲೆಕ್ಕಕ್ಕೆ ನೂರರ ಹಲಗೆಯೂ ಸಾವಿರದ ಘನವೂ ಇರುವ ಬ್ಲಾಕುಗಳೇ ಬೇಕು. ಮಗ್ಗಿ ಬಾಯಿಗೆ ಬರಲು ಅಭ್ಯಾಸವೇ ಆಗಬೇಕು. ಜೊತೆಗೆ ಬರುವ ಕೈಪಿಡಿ ಹೆಚ್ಚಾಗಿ ಚಿತ್ರದ ಮೇಲೆ ಕಡ್ಡಿ ಇಟ್ಟು ಮುಚ್ಚುವ ಹಾಳೆಗಳೇ, ಅದನ್ನು ನಂಬಿಕೊಂಡು ಕೊಳ್ಳಬೇಡಿ.

ತರಗತಿಗಾದರೆ ಮೂವರಿಗೊಂದು ಸೆಟ್ ಇರಲಿ. ಇಬ್ಬರಿದ್ದರೆ ಒಬ್ಬರು ಜೋಡಿಸಿ ಇನ್ನೊಬ್ಬರು ನೋಡುತ್ತ ಕೂರುತ್ತಾರೆ. ನಾಲ್ವರಾದರೆ ಕಡ್ಡಿಗೆ ಜಗಳ. ಮೂವರಿದ್ದಾಗ ಮಾತು ಹೆಚ್ಚು, ಆ ಮಾತಿನಲ್ಲೇ ಲೆಕ್ಕ ನಡೆಯುತ್ತದೆ. ಮನೆಗಾದರೆ ಒಂದು ಸೆಟ್ ಧಾರಾಳ, ಎದುರಿಗೆ ಕೂತು ಕೇಳಿಸಿಕೊಳ್ಳುವ ದೊಡ್ಡವರೊಬ್ಬರು ಇದ್ದರೆ.