ಕಾರು ‘ಟಕ್’ ಅಂದ ತಕ್ಷಣ ಬ್ಯಾಟರಿ ಬದಲಿಸಬೇಡಿ

ಹತ್ತು ಸಾವಿರದ ನೂರು ರೂಪಾಯಿ ಕಳೆದುಕೊಂಡು ಕಲಿತದ್ದನ್ನು ಇಲ್ಲಿ ಪುಕ್ಕಟೆ ಬರೆಯುತ್ತಿದ್ದೇನೆ. ಹಳೇ ಕಾರು ಇಟ್ಟುಕೊಂಡವರು ಐದು ನಿಮಿಷ ಓದಿ.

ನಮ್ಮದು 2006ರ ಸಣ್ಣ ಪೆಟ್ರೋಲ್ ಕಾರು. ಯಾವ ಕಂಪನಿ ಅಂತ ಹೇಳಲ್ಲ, ತಪ್ಪು ಕಾರಿನದ್ದಲ್ಲ. 15 ವರ್ಷ ತುಂಬಿದಾಗ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ, ಇನ್ನೂ 5 ವರ್ಷಕ್ಕೆ ರಿಜಿಸ್ಟ್ರೇಷನ್ ಮಾಡಿಸಿಕೊಂಡಿದ್ದೆವು. ತುಮಕೂರಿನೊಳಗೆ ಬಟವಾಡಿಯಿಂದ ಟೌನ್ ಹಾಲ್ ಕಡೆ ಓಡಾಡೋಕೆ, ಆಗಾಗ ಶಿರಾದಲ್ಲಿರುವ ಮಾವನ ಮನೆಗೆ ಹೋಗಿಬರೋಕೆ ಅದು ಧಾರಾಳ. ಹೋದ ಬೇಸಿಗೆಯಲ್ಲಿ ಮನೆ ಹತ್ತಿರದ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಹಾಕಿಸಿದೆ. ಈ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತೆ.

ಅದಾಗಿ ಎರಡು ವಾರಕ್ಕೆ ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ‘ಟಕ್’. ಇನ್ನೊಂದು ಸಲ ತಿರುಗಿಸಿದೆ. ಮತ್ತೆ ‘ಟಕ್’. ಸೆಲ್ಫ್, ಅಂದರೆ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡೋ ಮೋಟಾರ್, ಹೊಡೆಯಲೇ ಇಲ್ಲ. ಪಕ್ಕದ ಮನೆ ಹುಡುಗರು ಇಬ್ಬರು ತಳ್ಳಿದರು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ, ಸ್ಟಾರ್ಟ್ ಆಯ್ತು. ಸೀದಾ ಅದೇ ಗ್ಯಾರೇಜಿಗೆ ಹೋದೆ.

ಅವನು ಬಾನೆಟ್ ಎತ್ತಿ ಒಂದು ನೋಟ ನೋಡಿದ. “ಬ್ಯಾಟರಿ ಹೋಗಿದೆ ಅಣ್ಣ.” ಮೀಟರ್ ಹಿಡಿದು ನೋಡಲಿಲ್ಲ, ನಾನೂ ಕೇಳಲಿಲ್ಲ. ಆಫೀಸಿಗೆ ಹೊತ್ತಾಗಿತ್ತು. 4,100 ರೂಪಾಯಿಗೆ ಹೊಸ ಬ್ಯಾಟರಿ ಕೂತಿತು, ಕಾರೂ ಸ್ಟಾರ್ಟ್ ಆಯ್ತು. ಹಳೇದನ್ನು ಅವನೇ ಇಟ್ಟುಕೊಂಡ. ಆ ಹಳೇ ಬ್ಯಾಟರಿಗೆ ಬರೀ 14 ತಿಂಗಳು, ವಾರಂಟಿ 36 ತಿಂಗಳು ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ. ಕಾರ್ಡು ಫ್ರಿಜ್ ಮೇಲಿನ ಪ್ಲಾಸ್ಟಿಕ್ ಕವರಿನಲ್ಲಿ ಕರೆಂಟ್ ಬಿಲ್ಲುಗಳ ಜೊತೆ ಸುಮ್ನೆ ಕೂತಿತ್ತು.

ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಮತ್ತೆ ‘ಟಕ್’.

ಈ ಸಲ “ಸೆಲ್ಫ್ ಮೋಟಾರ್ ಸುಟ್ಟಿದೆ ಅಣ್ಣ, ರಿಪೇರಿ ಮಾಡಿದ್ರೂ ನಿಲ್ಲಲ್ಲ” ಅಂದ. ಕೂಲಿ ಸೇರಿ 6,000. ಹಾಕಿದ, ಸ್ಟಾರ್ಟ್ ಆಯ್ತು, ನಾನು ನಂಬಿದೆ. ಬಿಚ್ಚಿ ಜೋಡಿಸುವಾಗ ಎಲ್ಲೋ ಒಂದು ವೈರ್ ಅಲುಗಾಡಿ ಸ್ವಲ್ಪ ಹೊತ್ತು ಕಚ್ಚಿಕೊಳ್ಳುತ್ತೆ, ನಾವು ಹೊಸ ಸಾಮಾನಿನಿಂದಲೇ ಸರಿಹೋಯ್ತು ಅಂದುಕೊಳ್ಳುತ್ತೇವೆ. ಮೋಸ ಹೋಗೋದು ಇಲ್ಲೇ.

ಹತ್ತು ದಿನ ಬಿಟ್ಟು ಶಿರಾಕ್ಕೆ ಹೋದೆವು. ವಾಪಸ್ ಹೊರಡುವಾಗ ಮಾವನ ಮನೆ ಮುಂದೆ, ಎಲ್ಲರೂ ಬಾಗಿಲಲ್ಲಿ ನಿಂತು ಟಾಟಾ ಮಾಡ್ತಿರುವಾಗ, ‘ಟಕ್’. ನಾನು ಸಿಟ್ಟಿನಲ್ಲಿ ಎಂಟು ಹತ್ತು ಸಲ ಕೀ ತಿರುಗಿಸಿದೆ. ಬಿಸಿ ರಬ್ಬರಿನಂಥ ವಾಸನೆ ಬಂತು. ಗ್ಯಾರೇಜಿನವನಿಗೆ ಫೋನ್ ಮಾಡಿದರೆ, “ಹಂಗಾದ್ರೆ ಇಸಿಎಂ ಇರಬೇಕು ಅಣ್ಣ, ಹನ್ನೆರಡು ಸಾವಿರ ಆಗುತ್ತೆ, ಟೋ ಮಾಡಿಸ್ಕೊಂಡು ಬನ್ನಿ” ಅಂದ. ಇಸಿಎಂ ಅಂದರೆ ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್. “ರೀ, ಇದನ್ನ ಗುಜರಿಗೆ ಹಾಕಿ ಬಸ್ಸಿಗೆ ಹೋಗೋಣ” ಅಂದಳು ನನ್ನ ಹೆಂಡತಿ.

ನನ್ನ ಬಾಮೈದ ಹೋಗಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಕರೆದುಕೊಂಡು ಬಂದ. ವಯಸ್ಸಾದವರು, ಮೊಪೆಡ್‌ನಲ್ಲಿ ಒಂದು ಚೀಲ. ಅವರು ಮೊದಲು ಹೆಡ್‌ಲೈಟ್ ಹಾಕಿಸಿದರು. ಆಮೇಲೆ ಲೈಟ್ ನೋಡ್ತಾ, “ಈಗ ಕೀ ಹೊಡೀರಿ” ಅಂದರು. ‘ಟಕ್’ ಅಂತು, ಲೈಟು ಒಂಚೂರೂ ಮಂಕಾಗಲಿಲ್ಲ. “ಬ್ಯಾಟರಿ ಸತ್ತಿದ್ರೆ ಲೈಟ್ ಕುಸೀಬೇಕಲ್ವಾ ಸಾರ್? ಇದು ಗಟ್ಟಿಯಾಗಿದೆ. ಕರೆಂಟು ಸೆಲ್ಫಿಗೆ ಸರಿಯಾಗಿ ಹೋಗ್ತಾ ಇಲ್ಲ.” ಆಮೇಲೆ ಗೇರ್‌ಬಾಕ್ಸ್ ಹತ್ತಿರ ಕೈ ಇಳಿಸಿ ಕ್ಲಚ್ ಕೇಬಲ್ ಮುಟ್ಟಿದವರು ಪಟ್ಟನೆ ಕೈ ತೆಗೆದರು. “ನೀವೂ ಮುಟ್ಟಿ ನೋಡಿ.” ಕಾಫಿ ಲೋಟದಷ್ಟು ಬಿಸಿ! ಎಂಜಿನ್ ತಣ್ಣಗಿದೆ, ಕೇಬಲ್ ಮಾತ್ರ ಸುಡ್ತಿದೆ.

ಚೀಲದಿಂದ ಒಂದು ಜಂಪರ್ ಕೇಬಲ್ ತೆಗೆದರು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎರಡನ್ನೂ ನೋಡಿಕೊಂಡರು. ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಎಂಜಿನ್ನಿನ ಬರೀ ಕಬ್ಬಿಣಕ್ಕೆ ಕಚ್ಚಿಸಿದರು. “ಈಗ ಹೊಡೀರಿ.” ಅರ್ಧ ಸುತ್ತಿಗೇ ಸ್ಟಾರ್ಟ್.

ವಿಷಯ ಇಷ್ಟೇ. ನಮ್ಮ ಕಾರಿನಲ್ಲಿ ಬ್ಯಾಟರಿಯ ಮೈನಸ್ ಕಾರಿನ ಬಾಡಿಯ ಕಬ್ಬಿಣಕ್ಕೆ ಹೋಗುತ್ತೆ, ಬಾಡಿಯಿಂದ ಗೇರ್‌ಬಾಕ್ಸಿಗೆ ಜಡೆಯಂತೆ ಹೆಣೆದ ಒಂದು ತಾಮ್ರದ ಅರ್ತ್ ಪಟ್ಟಿ. ಅರ್ತ್ ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗೋ ದಾರಿ. ಹೆಡ್‌ಲೈಟಿನ ಅರ್ತ್ ಬಾಡಿಯಲ್ಲೇ ಇರೋದರಿಂದ ಅದು ಚೆನ್ನಾಗಿ ಉರಿಯುತ್ತೆ. ಸೆಲ್ಫ್ ಮಾತ್ರ ಎಂಜಿನ್ ಮೂಲಕವೇ ಅರ್ತ್ ಆಗಬೇಕು, ಅದಕ್ಕೆ ನೂರು ಆಂಪಿಯರ್ ಮೇಲೆ ಬೇಕು. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದಾಗ ಆ ಪಟ್ಟಿ ಬಿಚ್ಚಲೇಬೇಕಿತ್ತು. ಬಿಚ್ಚಿ ಮತ್ತೆ ಹಾಕುವಾಗ ಎಳೆಗಳು ಹರಿದು, ನಾಲ್ಕೈದು ಮಾತ್ರ ಹಸಿರು ಕಿಲುಬು ಹಿಡಿದು ನೇತಾಡುತ್ತಿದ್ದವು. ದಾರಿ ಸಿಗದ ಕರೆಂಟು ಕ್ಲಚ್ ಕೇಬಲ್ ಮೂಲಕ ನುಗ್ಗಿ ಅದನ್ನು ಬಿಸಿ ಮಾಡಿತ್ತು. ಹೊಸ ಪಟ್ಟಿ 180, ಅವರ ಕೂಲಿ 200. ನಾನು ಐನೂರು ಕೊಟ್ಟರೆ ಚಿಲ್ಲರೆ ವಾಪಸ್ ಕೊಟ್ಟರು.

ನಿಮ್ಮ ಕಾರಿಗೂ ಹೀಗಾದರೆ ಮೊದಲು ಲೈಟ್ ಹಾಕಿ ಕೀ ತಿರುಗಿಸಿ. ಲೈಟು ಸತ್ತಂತಾಗಿ ‘ಟಕಟಕಟಕ’ ಅಂತ ಬಡಿದರೆ ಹೆಚ್ಚಾಗಿ ಬ್ಯಾಟರಿ ಇಳಿದಿರುತ್ತೆ, ಇಲ್ಲವೇ ಅದರ ಟರ್ಮಿನಲ್ ಸಡಿಲ. ಲೈಟು ಅಲುಗದೆ ಒಂದೇ ‘ಟಕ್’ ಅಂದರೆ ಸೆಲ್ಫ್‌ಗೆ ಹೋಗೋ ವೈರು, ಅರ್ತ್, ಆಮೇಲೆ ಸೆಲ್ಫ್. ಆ ಕ್ರಮದಲ್ಲೇ ನೋಡಿಸಿ, ಅಗ್ಗದ್ದು ಮೊದಲು. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಬಿಚ್ಚಿ, ಬಿಸಿನೀರು ಅಡುಗೆ ಸೋಡಾ ಹಾಕಿ ತೊಳೆದರೆ ಹೋಗುತ್ತೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಅದು ಪೆಟ್ರೋಲಿನದ್ದೋ ಸ್ಪಾರ್ಕಿನದ್ದೋ ತಕರಾರು, ಆ ಕಥೆಯೇ ಬೇರೆ.

ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ರಾತ್ರಿಯಿಡೀ ನಿಂತ ಕಾರಿನಲ್ಲಿ ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತೆ, 12ಕ್ಕಿಂತ ಕೆಳಗಿದ್ದರೆ ಇಳಿದಿದೆ ಅಂತ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಮೆಕ್ಯಾನಿಕ್ ಈ ಅಂಕಿ ತೋರಿಸದೆ “ಬ್ಯಾಟರಿ ಹೋಗಿದೆ” ಅಂದರೆ ಮೀಟರ್ ಹಿಡಿದು ತೋರಿಸಪ್ಪ ಅನ್ನಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಬದಲಿಸಿದ ಹಳೇ ಸಾಮಾನನ್ನೂ ಕೇಳಿ ತನ್ನಿ. ನಾನು ಸೆಲ್ಫ್ ಮೋಟಾರ್ ಕೇಳೋಕೆ ಹೋದಾಗ ಅದು ಗುಜರಿಗೆ ಹೋಗಿಯಾಗಿತ್ತಂತೆ. ಹಳೇ ಬ್ಯಾಟರಿಯೂ ಅಷ್ಟೇ. ಅರ್ತ್ ಪಟ್ಟಿ ವಿಷಯ ಹೇಳಿದ್ದಕ್ಕೆ, “ಹಂಗೂ ಇರುತ್ತೆ ಬಿಡಿ ಅಣ್ಣ” ಅಂದ. ಬೇಕಂತ ಮಾಡಿದನೋ, ನಿಜವಾಗಿಯೂ ತಿಳಿಯಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಬಿಸಿಗೆ ಕ್ಲಚ್ ಕೇಬಲ್ ಒಳಗಿನ ಪ್ಲಾಸ್ಟಿಕ್ ಕರಗಿ ಪೆಡಲ್ ಗಟ್ಟಿಯಾಗಿತ್ತು. ಮುಂದಿನ ವಾರ ಅದನ್ನೂ ಬೇರೆ ಕಡೆ ಬದಲಿಸಿದೆ. ಆ ಹಳೇ ಕೇಬಲ್ ಮಾತ್ರ ಕೇಳಿ ತಂದಿದ್ದೇನೆ, ಡಿಕ್ಕಿಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದೆ.